ಹಾಜರಿ ಫೋಟೊ

ಫೋನು ಮುಂದಿಟ್ಟಳು ಅಂಜಿನಮ್ಮ.
ಗಾಜು ಒಡೆದಿತ್ತು. ಬಿರುಕಿನಾಚೆ ಅವಳವ್ವ
ದುರ್ಗಿಗುಡಿಯ ಮೂರನೇ ಕ್ರಾಸಿನಲ್ಲಿ
ಪೊರಕೆ ಹಿಡಿದು ನಿಂತಿದ್ದಳು.
ಮೂಲೆಯಲ್ಲಿ ಹಳದಿ ಅಕ್ಷರ: ಬೆಳಿಗ್ಗೆ ಆರು ಹನ್ನೆರಡು.
ಹಾಜರಿಗೆಂದು ಮೇಸ್ತ್ರಿ ತೆಗೆದದ್ದು.

"ಇದೊಂದೇ ಇರೋದು. ಮದುವೇಲಿ ತೆಗೆಸಿದ್ದು
ತುಂಗೆ ಮನೆಯೊಳಗೆ ಬಂದ ವರ್ಷ ಹೋಯ್ತು.
ತಿಥಿಗೆ ಗೋಡೆ ಮೇಲೆ ಬೇಕು.
ಅವ್ವನ್ನ ಮಾತ್ರ ತೆಗೀರಿ,
ಹಿಂದೆ ಏನಾದ್ರೂ ಚಂದದ್ದು ಹಾಕಿ."

ಚಂದದ್ದು ನನ್ನಲ್ಲಿ ಒಂದು ಫೋಲ್ಡರು ತುಂಬ ಇದೆ:
ಜೋಗ, ಊಟಿಯ ಹುಲ್ಲು, ಹೆಸರಿಲ್ಲದ ಹಿಮದ ಬೆಟ್ಟ,
ಇಮ್ತಿಯಾಜ್ ಸಾಹೇಬರು ಅಂಗಡಿ ತೆಗೆದಾಗಿನಿಂದ ಬಾಡದ ಗುಲಾಬಿ,
ಸತ್ತವರಿಗೆಂದೇ ಒಂದು ನೀಲಿ ಆಕಾಶ,
ನಡುವಿನಿಂದ ಬೆಳಕು ಬೀಸಣಿಗೆಯ ಹಾಗೆ ಬಿಚ್ಚುವಂಥದ್ದು.
ಈ ಊರಿನ ಅರ್ಧ ಗೋಡೆಗಳ ಮೇಲಿರುವುದು
ಅದೊಂದೇ ಆಕಾಶ.

ಕೂತೆ. ಎಂಟು ಪಟ್ಟು ದೊಡ್ಡದು ಮಾಡಿದೆ.
ಅಷ್ಟು ಹತ್ತಿರ ಹೋದರೆ ಯಾರಿಗೂ ಮುಖವಿರುವುದಿಲ್ಲ;
ಬರೀ ಚೌಕಗಳು, ಹುರಿಗಡಲೆ ಬಣ್ಣದವು, ಇದ್ದಿಲಿನವು.
ಹಸಿರು ಕೋಟಿನ ಅಂಚು ಹಿಡಿದು ಚುಕ್ಕೆ ಇಡುತ್ತ ಹೊರಟೆ,
ಹೆಗಲು, ಕೊರಳು, ಕಿವಿಯ ಓಲೆ.
ಕೂದಲಿಗೆ ಬರುವಾಗ ಗಂಟೆ ಹನ್ನೆರಡು.
ಎಣ್ಣೆ ಕಾಣದ ಕೂದಲು ಗಾಳಿಗೆ ಎದ್ದು
ಒಂದೊಂದು ಎಳೆಯ ನಡುವೆಯೂ
ಹಿಂದಿನ ಷಟರಿನ ತುಕ್ಕು ಸಿಕ್ಕಿಕೊಂಡಿತ್ತು.
ಕತ್ತರಿಸಿದರೆ ಬೋಳು, ಬಿಟ್ಟರೆ ಬೀದಿ.

ಆಮೇಲೆ ಪೊರಕೆ.
ಅದು ಬೇಗ ಹೋಯಿತು.
ಆದರೆ ಮುಷ್ಟಿ ಮುಚ್ಚಿಯೇ ಇತ್ತು,
ಏನೂ ಇಲ್ಲದ್ದನ್ನು ಬಿಗಿಯಾಗಿ ಹಿಡಿದು.
ನೀಲಿ ಆಕಾಶದಲ್ಲಿ ನಿಲ್ಲಿಸಿದೆ: ಯಾರ ಜೊತೆಗೋ ಜಗಳಕ್ಕೆ ಬಂದ ಹಾಗೆ.
ಜೋಗದಲ್ಲಿ ನಿಲ್ಲಿಸಿದೆ: ಇಲ್ಲದ ಕಂಬಿ ಹಿಡಿದು ಬೀಳದೆ ಉಳಿದ ಹಾಗೆ.
ಸಾಹೇಬರು ಇಣುಕಿ, "ಕೈಗೆ ಕೊಡೆ ಕೊಡೋ,
ಜೋಗದಲ್ಲಿ ಹನಿ ಬೀಳ್ತಾ ಇರುತ್ತೆ" ಅಂದರು.
ಕೊಟ್ಟೆ. ಕೆಂಪು ಹೂವಿನದ್ದು,
ಯಾವುದೋ ಜಾಹೀರಾತಿನ ಹುಡುಗಿಯ ಕೈಯಿಂದ ಕಿತ್ತದ್ದು.
ಬೆಳಕು ಮಾತ್ರ ಒಪ್ಪಲಿಲ್ಲ.
ಅವಳ ಎಡಗೆನ್ನೆಯ ಮೇಲಿದ್ದದ್ದು ಧನುರ್ಮಾಸದ ಬೀದಿದೀಪ,
ಜಲಪಾತದ ಮೇಲೆ ಮಧ್ಯಾಹ್ನ.

ಸಂಜೆ ಬಂದಳು, ಜೊತೆಗೆ ಮಗಳು, ಯೂನಿಫಾರ್ಮಿನಲ್ಲೇ.
ಪರದೆಯನ್ನು ತುಂಬ ಹೊತ್ತು ನೋಡಿದಳು.
"ಯಾರ ಕೊಡೆ ಅದು?" ಅಂದಳು ಮೊದಲು.
ಆಮೇಲೆ, "ಅವ್ವ ಜೋಗ ನೋಡಿಲ್ಲ ಸಾರ್,
ಅಲ್ಲಿ ಅವಳಿಗೆ ಯಾರು ಗೊತ್ತು?"

ಕೆಳಗಿನ ಪದರ ತೆರೆದು ತೋರಿಸಿದೆ, ಉಳಿದ ಬೀದಿ.
ನಡುವೆ ಅವಳವ್ವನಷ್ಟೇ ಅಳತೆಯ ಒಂದು ಕಂಡಿ.
ಅದರ ಬುಡದಿಂದ ಹೊರಟ ನೆರಳು
ಚರಂಡಿಯವರೆಗೂ ಹಾಗೇ ಮಲಗಿತ್ತು;
ಅದನ್ನು ತೆಗೆಯಲು ಯಾರೂ ಹೇಳಿರಲಿಲ್ಲ.

ಹುಡುಗಿ ಬೆರಳಿಟ್ಟಳು: "ಅಜ್ಜೀನ ಇಲ್ಲೇ ನಿಲ್ಸಿ. ಪೊರಕೆ ಕೊಡಿ."
ತಾಯಿ ಅವಳ ತೋಳು ಚಿವುಟಿದಳು.
"ಗೋಡೆ ಮೇಲೂನಾ?"
ಫ್ಯಾನು ತಿರುಗುತ್ತಿತ್ತು. ಸಾಹೇಬರು ಬಿಲ್ ಪುಸ್ತಕ ಮಗುಚಿದರು.
ಕೊನೆಗೆ ತಾಯಿಯೇ ಅಂದಳು:
"ಅದೇ ಬೀದಿ ಇರಲಿ. ಆದ್ರೆ ಗುಡಿಸಿ ಆದಮೇಲಿನದ್ದು.
ಕೆಲಸ ಮುಗೀತಲ್ಲ, ಪೊರಕೆ ಎಲ್ಲೋ ಒರಗಿಸಿರ್ತಾಳೆ."

ಆ ರಾತ್ರಿ ಅಂಗಡಿಯ ಷಟರು ಅರ್ಧ ಎಳೆದು
ಮೂರನೇ ಕ್ರಾಸನ್ನು ಗುಡಿಸಿದೆ.
ಹಾಲಿನ ಕವರು, ಗುಟ್ಕಾ ಚೀಟಿ, ಇಡ್ಲಿ ಕಟ್ಟಿದ ಎಲೆ,
ಮಾರಾಟವಾಗದ ಸೇವಂತಿಗೆ, ಯಾರದೋ ಒಂಟಿ ಚಪ್ಪಲಿ.
ಪಕ್ಕದ ಒಳ್ಳೆಯ ನೆಲದಿಂದ ಒಂದಿಷ್ಟು ಎತ್ತಿ
ಕೊಳಕಿನ ಮೇಲೆ ಒತ್ತುವುದು, ಮತ್ತೆ ಒತ್ತುವುದು.
ಮಣಿಕಟ್ಟು ಹಿಡಿದುಕೊಂಡಿತು.
ಗುಡಿಸಿದ್ದೇ ಗೊತ್ತಾಗದ ಹಾಗೆ ಗುಡಿಸಬೇಕು,
ಗೊತ್ತಾದರೆ ಸಾಹೇಬರು ಬೈಯುತ್ತಾರೆ.

ಷಟರಿನ ಬುಡದಲ್ಲಿ ನಾಯಿಯೊಂದು ಸುತ್ತಿಕೊಂಡು ಮಲಗಿತ್ತು.
ಅದನ್ನು ಬಿಟ್ಟೆ. ಹಣೆಯ ಬೆವರನ್ನೂ.
ಅದರ ಪಕ್ಕಕ್ಕೆ ಒರಗಿಸಿದೆ ಪೊರಕೆ.
ಮುಷ್ಟಿ ಬಿಡಿಸಲು ಮಾತ್ರ ಆಗಲಿಲ್ಲ;
ಅಂಗೈ ಆ ಫೋಟೊದಲ್ಲಿ ಎಲ್ಲೂ ಇರಲಿಲ್ಲ.
ಸೆರಗಿನ ಚುಂಗು ತಂದು ಅದರೊಳಗೆ ತುರುಕಿದೆ.

ಫ್ರೇಮಿಗೆ ಹಾಕುವ ಮುನ್ನ ಕೇಳಿದೆ,
ಮೂಲೆಯ ಆರು ಹನ್ನೆರಡನ್ನು ಅಳಿಸಲೇ ಎಂದು.
"ಬೇಡ. ಹತ್ತು ಮಾಡಿ" ಅಂದಳು ಅಂಜಿನಮ್ಮ.
"ಹತ್ತಕ್ಕೆ ಟೀ ಕುಡೀತಿದ್ಲು."