ಉಗುರುಬೆಚ್ಚಗೆ

ಲಾಟ್ವಿಯಾದ ತ್ಸೇಸಿಸ್, ಹೊರಗೆ ಸೊನ್ನೆಗಿಂತ ಹನ್ನೊಂದು ಕೆಳಗೆ.
ಸ್ಕೈದ್ರೀಟೆ ಬಾಗಿಲಲ್ಲೇ ಹೇಳಿಬಿಟ್ಟಳು:
ಕೆಳಗಿನ ನೆಲ ಬೇಕಾದರೆ ಅಗೆಯಿರಿ, ಪೈಪು ಹಾಸಿ,
ಮಹಡಿಯ ರೇಡಿಯೇಟರು ಮಾತ್ರ ಮುಟ್ಟಕೂಡದು.

ಬೀಡುಕಬ್ಬಿಣದ್ದು, ಹನ್ನೆರಡು ಪಕ್ಕೆಲುಬು,
ಬಣ್ಣದ ಮೇಲೆ ಬಣ್ಣ. ಅದರ ಮೇಲೆ
ಒಂದು ಜೊತೆ ಉಣ್ಣೆಯ ಕೈಗವಸು.
ಯಾರದೆಂದು ನಾನು ಕೇಳಲಿಲ್ಲ.

ತೊಡಕು ಇಷ್ಟೇ: ಅದಕ್ಕೆ ಅರವತ್ತೈದು ಡಿಗ್ರಿ ಬೇಕು,
ಮುಟ್ಟಿದ ಕೈ ಹಿಂದಕ್ಕೆ ಬರಬೇಕು.
ನೆಲಕ್ಕೆ ಉಗುರುಬೆಚ್ಚಗೆ ಸಾಕು;
ಹೆಚ್ಚಾದರೆ ಹಲಗೆ ಬಿರಿದು ಬಾಯಿ ಬಿಡುತ್ತದೆ.
ಇರುವುದು ಒಂದೇ ಬಾಯ್ಲರು.

ಇಲ್ಗ್‌ವಾರ್ಸ್ ಕೂರಿಸಿದ ಕವಾಟ ಅಂಗೈಯಷ್ಟು.
ನೆಲದಡಿ ಸುತ್ತಿ ಆರಿ ಬಂದ ನೀರನ್ನು
ಹೊಸ ಬಿಸಿಗೆ ಬೆರೆಸುವುದು ಅದರ ಕೆಲಸ.
"ಹದ ಅಂದರೆ," ಅಂದ, ಹಲ್ಲಲ್ಲಿ ಸ್ಕ್ರೂ ಕಚ್ಚಿಕೊಂಡೇ,
"ದಣಿದು ಬಂದವರನ್ನೂ ಒಳಗೆ ಕರಕೊಳ್ಳೋದು."
ಆಮೇಲೆ ನಾಚಿ, ನನ್ನ ಸ್ಪ್ಯಾನರಿಗೆ ಬೈದ.

ಐದನೆಯ ವಾರದ ಸಂಜೆ ಹೊತ್ತಿಸಿದೆವು.
ಮಹಡಿಯದು ಟಣ್ ಟಣ್ ಎಂದು ಕೆಮ್ಮಿ
ಹತ್ತೇ ನಿಮಿಷಕ್ಕೆ ಕಾದಿತು.
ನೆಲ ಮಾತೇ ಆಡಲಿಲ್ಲ.
ಅವಳು ಅಂಗೈ ಊರಿ ನೋಡಿದಳು, ಮತ್ತೆ ನೋಡಿದಳು,
ದುಡ್ಡೆಲ್ಲ ನೀರಿಗೆ ಹೋಯಿತು ಎಂದಳು.

ಬೆಳಿಗ್ಗೆ ಬಿಲ್ಲು ಹಿಡಿದು ಹೋದೆ.
ಅಡುಗೆಮನೆಯಲ್ಲಿ ಬರಿಗಾಲಲ್ಲಿ ನಿಂತಿದ್ದಳು.
ಹಾಲು ಉಕ್ಕಿ ಒಲೆಗೆ ಸುರಿಯಿತು, ಕದಲಲಿಲ್ಲ.
ಅಂಗಳದ ಹಿಮ ಗೋರಿ ತೊಯ್ದಿದ್ದ
ಅದೇ ಕೈಗವಸು ನನ್ನ ಕೈಗಿಟ್ಟು
"ಮಹಡಿಗೆ ಹೋಗಿ ಅದರ ಮೇಲೆ ಹರವು," ಅಂದಳು,
"ನೆಲಕ್ಕೆ ಅಷ್ಟೆಲ್ಲ ಬರೋಲ್ಲ, ಪಾಪ."