ಅರಗು

ನೀರು ಬ್ಯಾಟರಿ ಅಂಗಡಿಯದು, ಲೀಟರಿಗೆ ಇಪ್ಪತ್ತು ರೂಪಾಯಿ.
ನಲ್ಲಿ ನೀರು ಬೇಡ; ಒಣಗಿದರೆ ಸುಣ್ಣದ ಚುಕ್ಕಿ ಬಿಡುತ್ತದೆ,
ಚುಕ್ಕಿ ಸುತ್ತಿಗೊಂದು ಸಲ ಟಕ್ ಅನ್ನುತ್ತದೆ.
ಪಾತ್ರೆ ತೊಳೆಯುವ ಸೋಪು ಒಂದೇ ಹನಿ.
ಬಟ್ಟೆ ನನ್ನದೇ ಹಳೆಯ ವಾಯಿಲ್ ಸೀರೆ,
ಒಗೆದು ಒಗೆದು ಬೆಣ್ಣೆಯಾದದ್ದು.
ನಡುವಿನ ಕಾಗದ ನೆನೆಯದ ಹಾಗೆ
ಮೇಲೊಂದು ಡಬ್ಬಿ ಮುಚ್ಚಳ ಒತ್ತಿ ಹಿಡಿದು
ಗೆರೆಯ ಜೊತೆಗೇ ಹೋಗಬೇಕು, ಅಡ್ಡ ಹೋಗಬಾರದು.
ರಾಗಿ ಕಲ್ಲು ತಿರುಗಿಸಿದ ಕೈಗೆ
ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ತಟ್ಟೆ ಸ್ಟ್ಯಾಂಡಿನಲ್ಲಿ ಈಗ
ಊಟದ ತಟ್ಟೆ ಎರಡು, ಹಾಡಿನ ತಟ್ಟೆ ಒಂಬತ್ತು.

ಟ್ರಂಕು ಖುರ್ಷೀದಳದು. ಮಂಡಿ ಮೊಹಲ್ಲಾದಲ್ಲಿ
ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ.
ಅವಳ ಗಂಡ ನವಾಬ್ ಜಾನ್ ಸಾಹೇಬರ ಮೈಕ್ ಸೆಟ್ಟು
ಇಲವಾಲದಿಂದ ಬನ್ನೂರಿನವರೆಗೆ ಮದುವೆಗೆಲ್ಲ ಹೋಗುತ್ತಿತ್ತು.
ಕವರಿನ ಮೂಲೆಯಲ್ಲಿ ಅವರ ಪೆನ್ಸಿಲ್ ಅಕ್ಷರ:
"ವರಪೂಜೆ." "ಧಾರೆ ಮುಗಿದ ಮೇಲೆ."
"ಎರಡನೇ ಪಂಕ್ತಿ, ಜನ ಜಾಸ್ತಿ ಇದ್ದರೆ ಮಾತ್ರ."
"ಬೀಗರು ಜಗಳ ಆಡಿದರೆ. ಸೌಂಡು ಜೋರು."
ಒಂದರ ಮೇಲೆ ಬರೀ: "ಹೆಣ್ಣು ಒಪ್ಪಿಸುವಾಗ."
ಅದೇ ಎಲ್ಲಕ್ಕಿಂತ ಸವೆದದ್ದು.
ಬೆಳಕಿಗೆ ಹಿಡಿದರೆ ಗೆರೆಯೆಲ್ಲ ಬೂದಿ ಬಣ್ಣ,
ಎಷ್ಟೋ ಮನೆಯವರು ಅದೇ ದಾರಿಯಲ್ಲಿ ಅತ್ತು ಹೋಗಿದ್ದಾರೆ.

ಚಪ್ಪರದ ಧೂಳು, ಎಣ್ಣೆ ಜಿಡ್ಡು,
ಒಂದು ಕಡೆ ಅರಿಶಿನದ ಹೆಬ್ಬೆಟ್ಟು.
ಜಿಡ್ಡಿಗೆ ಸ್ಪಿರಿಟ್. ಅದಕ್ಕೂ ಬಗ್ಗದ ಕೊಳೆಗೆ ಫೆವಿಕಾಲ್:
ತೆಳ್ಳಗೆ ಹರಡಿ ರಾತ್ರಿಯಿಡೀ ಬಿಟ್ಟು
ಬೆಳಿಗ್ಗೆ ಅಂಚಿನಿಂದ ಎಬ್ಬಿಸಿದರೆ
ಪೇಪರ್ ದೋಸೆಯ ಹಾಗೆ ಇಡಿಯಾಗಿ ಏಳುತ್ತದೆ.
ಆ ಸಿಪ್ಪೆಯನ್ನು ಕಿಟಕಿಗೆ ಹಿಡಿದು ನೋಡಿದೆ.
ಹಳ್ಳವೆಲ್ಲ ದಿಬ್ಬ, ದಿಬ್ಬವೆಲ್ಲ ಹಳ್ಳ,
ಒಂದು ಇಡೀ ಹಾಡು, ಒಳಗು ಹೊರಗಾಗಿ.
ಕೈಯಲ್ಲಿ ಸರಸರ ಅನ್ನುತ್ತದೆ, ಮತ್ತೇನೂ ಹೇಳುವುದಿಲ್ಲ.
ಎಸೆಯಲಾಗಲಿಲ್ಲ. ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದೇನೆ.

ಇನ್ನು ತಪ್ಪಿನ ವಿಷಯ.

ಬಣ್ಣದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವಳು ನಾನು.
ಮೊದಲು ಅರಗಿನ ಸೆಕ್ಷನ್ನು, ಆಮೇಲೆ ಶಾಯಿ:
ಓಟು ಹಾಕಿದ ಬೆರಳಿಗೆ ಹಚ್ಚುತ್ತಾರಲ್ಲ, ಅಳಿಸದ್ದು, ಅದು.
ಅರಗು ನೀರಿಗೆ ಜಗ್ಗುವುದಿಲ್ಲ, ಸ್ಪಿರಿಟ್ ಸೋಕಿದರೆ ಉಳಿಯುವುದಿಲ್ಲ:
ಹೊಸ ಹುಡುಗಿಯರಿಗೆ ನಾನೇ ಹೇಳುತ್ತಿದ್ದ ಮೊದಲ ಪಾಠ.
ಹಾಗಿದ್ದೂ ಮೊನ್ನೆ, ಟ್ರಂಕಿನ ತಳದಲ್ಲಿ ಸಿಕ್ಕ
ಕವರಿಲ್ಲದ, ಹೆಸರು ಉದುರಿದ, ತೂಕದ ಪ್ಲೇಟಿಗೆ
ಮಿಕ್ಕವಕ್ಕೆ ಒರೆಸಿದ ಹಾಗೇ ಒರೆಸಿದೆ.
ಕೈಗೆ ಮೊದಲು ಗೊತ್ತಾಯಿತು: ಜಾರಬೇಕಾದದ್ದು ಅಂಟಿತು.
ಮೂಗಿಗೆ ಆಮೇಲೆ: ಹಳೆಯ ಸೆಕ್ಷನ್ನಿನ ಬಾಗಿಲು ಯಾರೋ ತೆರೆದರು.
ಪ್ಲಾಸ್ಟಿಕ್ಕಿಗಿಂತ ಮುಂಚಿನದು. ಅರಗಿನದು.
ಮರದ ಮೇಲಿನ ಹುಳು ಸುರಿಸಿದ್ದು, ಯಾರೋ ಹಾಡಿದ್ದು,
ನಾನು ಎರಡು ನಿಮಿಷದಲ್ಲಿ ಅರಗಿಸಿದ್ದು.
ಬಟ್ಟೆ ತುಂಬ ಕಪ್ಪು.
ಯಾವ ಹಾಡಿತ್ತೆಂದು ಇನ್ನು ಯಾರನ್ನೂ ಕೇಳುವ ಹಾಗಿಲ್ಲ.

ಖುರ್ಷೀದಳ ಮುಂದೆ ಹೇಳಿಕೊಳ್ಳಲು ಎರಡು ದಿನ ಬೇಕಾಯಿತು.
ಅವಳು ನಕ್ಕಳು. "ಅದಾ? ಅದು ಸೀಳು ಬಿಟ್ಟಿತ್ತು ಅಕ್ಕ,
ನಮ್ಮತ್ತೆ ಮೊಸರಿನ ಗಡಿಗೆಗೆ ಮುಚ್ಚುತ್ತಿದ್ದರು."
ಸ್ವಲ್ಪ ಹೊತ್ತು ಸುಮ್ಮನಿದ್ದು,
"ಬೆಕ್ಕು ಮಾತ್ರ ಒಂದು ದಿನವೂ ಅದನ್ನ ಸರಿಸಲಿಲ್ಲ" ಅಂದಳು.

ಸಂಜೆ, ಹೆಣ್ಣು ಒಪ್ಪಿಸುವ ಪ್ಲೇಟು ಹಾಕಿದೆವು.
ಜಿಡ್ಡು ಹೋಗಿದೆ, ಟಕ್ ಟಕ್ ಹೋಗಿದೆ,
ಇಷ್ಟು ದಿನ ಪಕ್ಕದ ಕೋಣೆಯಲ್ಲಿದ್ದ ಪಿಟೀಲು
ಈ ಕೋಣೆಗೆ ಬಂದು ಕೂತಿತು.
ಎರಡನೇ ಚರಣದಲ್ಲಿ ಮುಳ್ಳು ಎಡವಿತು,
ಹಿಂದಿನ ಗೆರೆಗೆ ಹಾರಿತು, ಮತ್ತೆ ಎಡವಿತು.
ಅದು ಕೊಳೆಯಲ್ಲ, ಗೀರು, ನನ್ನ ಕೈಯಲ್ಲಿಲ್ಲ ಅಂದೆ.
ಖುರ್ಷೀದ್ ಎದ್ದು, ಸೆರಗಿನ ಗಂಟು ಬಿಚ್ಚಿ,
ಚಲಾವಣೆ ನಿಂತ ಒಂದು ನಾಲ್ಕಾಣೆ ತೆಗೆದು
ಮುಳ್ಳಿನ ತಲೆಯ ಮೇಲಿಟ್ಟಳು,
ಗಂಡ ಇಡುತ್ತಿದ್ದ ಜಾಗದಲ್ಲೇ.

ದಾಟಿತು.

ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪಿದೆ.
ಸ್ಪಿರಿಟ್ ಹಚ್ಚಿದರೆ ಹೋಗುತ್ತದೆ. ಗೊತ್ತು.