ಸಲಾಕೆ

ಬೆಳಗಿನ ಜಾವ ಮೂರೂವರೆ, ನಿಟುವಳ್ಳಿ.
ನಾಯಿಗಳೂ ಮಲಗಿರುವ ಹೊತ್ತು.
ಸಲಾಕೆಯ ಒಂದು ತುದಿ ಟಾರಿನ ಮೇಲೆ, ಇನ್ನೊಂದು ನನ್ನ ಕಿವಿಗೆ.
ಸೋರುವ ಪೈಪು ಸುಯ್ಯೆನ್ನುತ್ತದೆ,
ಪಕ್ಕದ ಮನೆಯಲ್ಲಿ ಎಣ್ಣೆ ಕಾಯುತ್ತಿರುವ ಹಾಗೆ.
ಅಲ್ಲಿ ಸೀಮೆಸುಣ್ಣದಲ್ಲೊಂದು ಕತ್ತರಿ ಗುರುತು.
ರಸ್ತೆ ಒಣಗಿಯೇ ಇರುತ್ತದೆ. ಯಾರೂ ದೂರು ಕೊಟ್ಟಿರುವುದಿಲ್ಲ.
ಅಗೆಯಲು ಬಂದ ಹುಡುಗರು ನಗುತ್ತಾರೆ,
ಮೂರಡಿ ಇಳಿದ ಮೇಲೆ ನಗುವುದಿಲ್ಲ.

ಪಾಲಿಕೆಯ ತಪಾಸಣೆ ಶಿಬಿರದಲ್ಲಿ ಮೂರು ಸೀಸೆ ರಕ್ತ ತೆಗೆದರು.
ಫಾರಂ ತುಂಬುತ್ತಿದ್ದ ತಬಸ್ಸುಮ್‌ಗೆ ನನ್ನ ಉತ್ತರಗಳಿಂದ ಬೇಜಾರು.
ಬೀಡಿ? ಇಲ್ಲ. ಕುಡಿತ? ಇಲ್ಲ. ಶುಗರು, ಬಿಪಿ? ಇಲ್ಲ.
ನಡಿಗೆ? ವಾಲ್ವಿನಿಂದ ವಾಲ್ವಿಗೆ, ದಿನಕ್ಕೆ ಹನ್ನೊಂದು ಕಿಲೋಮೀಟರು.
ಬೆಣ್ಣೆದೋಸೆ? ಅಂದಳು, ಏನಾದರೂ ಸಿಗಲಿ ಎಂಬಂತೆ.
ಸಂಬಳದ ದಿನ ಒಂದು.
ಹಾಲೇಶಪ್ಪ, ನಲವತ್ತೇಳು, ಅಪಾಯ ಕಡಿಮೆ.
ಕೊಟ್ರಮ್ಮ ಓದಿ, ಫ್ರೇಮ್ ಹಾಕಿಸು ಅಂದಳು.

ಹದಿನೈದು ದಿನಕ್ಕೆ ಫೋನು.
ಕೊಲೆಸ್ಟ್ರಾಲ್ ಸರಿಯಿದೆ, ಅದರ ಪಕ್ಕದ್ದೊಂದು ಸರಿಯಿಲ್ಲ.
ಉದ್ದನೆ ಹೆಸರು, ಬಾಲದಲ್ಲೊಂದು ಪುಟ್ಟ 'ಎ'.
ಐವತ್ತರೊಳಗೆ ಇರಬೇಕಾದ್ದು ನೂರಾ ಹದಿನೆಂಟು.
ಕತ್ತಿಗೆ ತಣ್ಣನೆ ಜೆಲ್ಲು ಹಚ್ಚಿ ಡಾಕ್ಟರಮ್ಮ ಪರದೆಯಲ್ಲಿ ತೋರಿಸಿದರು:
ನಾಳದ ಒಳಮೈಗೆ ಅಂಟಿದ ಬೂದು ಗೆರೆ,
ಮಂಡಕ್ಕಿ ಕಾಳಿನ ಕಾಲುಭಾಗವೂ ಇಲ್ಲ.
ನಿಮ್ಮ ಪೈಪಿನ ಹಾಗೇ ಅಲ್ವಾ, ಅಂದರು ಸಮಾಧಾನಕ್ಕೆ.

ಅಲ್ಲ ಮೇಡಂ.
ನನ್ನ ಪೈಪಿಗೆ ಸ್ಟೋರಿನಲ್ಲಿ ಬದಲಿ ಪೈಪಿದೆ.
ಬೀದಿಯ ಲೈನು ಒಡೆದರೆ ಬೀದಿಗೆ ಟ್ಯಾಂಕರು ಬರುತ್ತದೆ.
ನನಗೆ ಯಾವ ಟ್ಯಾಂಕರು?

ಹುಟ್ಟಿನಿಂದ ಬರುವುದಂತೆ. ಅಪ್ಪನ ಬಗ್ಗೆ ಕೇಳಿದರು.
ಅಪ್ಪನೂ ನೀರುಗಂಟಿ. ಒಣಕಲು ಮೈ, ಬರಿಗಾಲು.
ಐವತ್ತೆರಡಕ್ಕೆ, ಬೇತೂರು ರಸ್ತೆಯ ವಾಲ್ವ್ ಗುಂಡಿಯ ಪಕ್ಕ
ಕೂತವನು ಏಳಲಿಲ್ಲ.
ಗ್ಯಾಸ್ ಅಂದರು ಜನ. ನಾವೂ ಗ್ಯಾಸ್ ಅನ್ನುತ್ತ ಬಂದೆವು, ಇಪ್ಪತ್ತಾರು ವರ್ಷ.
ಅವನ ತೊಡೆಯ ಮೇಲಿದ್ದ ಸಲಾಕೆ ಇದೇ.
ಇದರ ಜೊತೆಗೆ ಅದನ್ನೂ ಕೊಟ್ಟಿದ್ದ, ಅವನಿಗೇ ಗೊತ್ತಿರಲಿಲ್ಲ.

ಈಗ ರಾತ್ರಿಗೊಂದು ಮಾತ್ರೆ.
ನಿನ್ನೆ ವಿನೋಬನಗರದಲ್ಲಿ ಬಗ್ಗಿ ಕಿವಿಯಿಟ್ಟೆ.
ಕೆಳಗೆ ನೀರು ಸುಮ್ಮನಿತ್ತು.
ಕೇಳಿಸಿದ್ದು ನನ್ನದೇ, ದಬ್, ದಬ್,
ಅದಕ್ಕೆ ಯಾವ ದೂರೂ ಇರಲಿಲ್ಲ.
ತಬಸ್ಸುಮ್‌ಳ ಸೀಸೆಗಳು ನೆನಪಾದವು.
ಮೇಡಂ ಹೋಲಿಕೆ ತಪ್ಪಿದ್ದು ಅಲ್ಲೇ:
ಪೈಪು ಬಿಡಿ, ನಿಮ್ಮ ಆ ಸೂಜಿ ಇದೆಯಲ್ಲ,
ಅದು ನನ್ನ ಸಲಾಕೆ.
ಒಣ ರಸ್ತೆಯ ಮೇಲೆ ಯಾರೋ ಕಿವಿಯಿಟ್ಟು
ಸೀಮೆಸುಣ್ಣ ಎಳೆದು ಹೋಗಿದ್ದಾರೆ.

ವಾಲ್ವು ತಿರುವಿ ಮನೆಗೆ ಬಂದಾಗ ಆರು ಗಂಟೆ.
ರಂಜಿತಾ ಹಲ್ಲುಜ್ಜುತ್ತಿದ್ದಳು, ಹತ್ತೊಂಬತ್ತು ವರ್ಷ,
ಕತ್ತಿನಲ್ಲಿ ಏನೂ ಕಾಣುವುದಿಲ್ಲ.
ಏನೂ ತಿನ್ನಬೇಡ, ಲ್ಯಾಬಿಗೆ ಹೋಗಿ ಬರೋಣ ಅಂದೆ.
ಯಾಕಪ್ಪ, ನಂಗೇನಾಗೇತಿ?

ಏನೂ ಆಗಿಲ್ಲವ್ವ.
ಅದಕ್ಕೇ.